ಟ್ರಾಮಿನ ನಾಲಗೆಗೆ ಚಳಿ ಹಿಡಿದಾಗ

2019ರ ಜನವರಿ ತಿಂಗಳ ಕೊನೆ. ಅಮೆರಿಕದ ಷಿಕಾಗೊ ನಗರದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು. ಆಗ ಅಲ್ಲಿಯ ಒಂದು ದೃಶ್ಯ ಲೋಕದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ರೈಲು ಹಳಿಗಳ ಉದ್ದಕ್ಕೂ ಸಾಲುದೀಪದಂತೆ ಬೆಂಕಿ ಉರಿಯುತ್ತಿದೆ. ರೈಲುಗಾಡಿಯೊಂದು ಏನೂ ಆಗಿಲ್ಲವೆಂಬಂತೆ ಅದರ ಮೇಲೆಯೇ ಹಾದುಹೋಗುತ್ತಿದೆ. ಹಳಿಗೇ ಬೆಂಕಿ ಬಿದ್ದಿದೆಯೆಂದು ನೋಡಿದವರು ಗಾಬರಿಯಾದರು. ಅದು ಬಿದ್ದ ಬೆಂಕಿಯಲ್ಲ, ಹಚ್ಚಿದ ಬೆಂಕಿ. ಆ ನಗರದ ಉಪನಗರ ರೈಲು ಸಂಸ್ಥೆಯಾದ ಮೆಟ್ರಾ, ಹಳಿಗಳು ಕವಲೊಡೆಯುವ ಜಾಗದಲ್ಲಿ ಅನಿಲದ ಬರ್ನರುಗಳನ್ನು ಇಟ್ಟು ಹಿಮ ಕಟ್ಟದಂತೆ ಕಾಯುತ್ತಿತ್ತು.

ಹಳಿ ಕವಲೊಡೆಯುವ ಈ ಜಾಗಕ್ಕೆ ನಮ್ಮ ರೈಲ್ವೆಯವರು ‘ಪಾಯಿಂಟ್’ ಎನ್ನುತ್ತಾರೆ. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರಮ್ಮಿನ ತುದಿಗೆ ಹೋಗಿ ನಿಂತರೆ ಅದು ಚೆನ್ನಾಗಿ ಕಾಣುತ್ತದೆ. ಚೂಪು ತುದಿಯ ಎರಡು ಉಕ್ಕಿನ ಪಟ್ಟಿಗಳು ಜೊತೆಯಾಗಿ ಅತ್ತಿತ್ತ ಸರಿಯುತ್ತವೆ. ಒಂದು ತನ್ನ ಬದಿಯ ಹಳಿಗೆ ಅಂಟಿಕೊಂಡಾಗ ಇನ್ನೊಂದು ತನ್ನ ಬದಿಯ ಹಳಿಯಿಂದ ದೂರವಾಗುತ್ತದೆ. ಗಾಡಿಯ ಚಕ್ರ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದು ಅಷ್ಟರಿಂದಲೇ ತೀರ್ಮಾನವಾಗುತ್ತದೆ. ಜರ್ಮನರು ಈ ಪಟ್ಟಿಗೆ ‘ನಾಲಗೆ’ ಎಂದೇ ಹೆಸರಿಟ್ಟಿದ್ದಾರೆ. ನಾಲಗೆ ಸರಿಯುವುದು ಕೆಲವೇ ಸೆಂಟಿಮೀಟರ್ ದೂರ. ಆದರೆ ಅಂಟಬೇಕಾದ ಕಡೆ ಅದು ಪೂರ್ತಿ ಅಂಟಲೇಬೇಕು. ನಾಲಗೆಗೂ ಹಳಿಗೂ ನಡುವೆ ಹಿಮ ಸೇರಿತೆಂದರೆ, ನಾಲಗೆ ಪ್ರತಿ ಸಲ ಸರಿದಾಗಲೂ ಅದನ್ನು ಅದುಮಿ ಅದುಮಿ ಕಲ್ಲಿನಂಥ ಮಂಜುಗಡ್ಡೆ ಮಾಡುತ್ತದೆ. ಆಮೇಲೆ ಸಂದು ಉಳಿಯುತ್ತದೆ. ಸಂದು ಉಳಿದ ಪಾಯಿಂಟಿನ ಮೇಲೆ ಗಾಡಿ ಹೋದರೆ ಮುಂದಿನ ಚಕ್ರಗಳು ಒಂದು ದಾರಿ, ಹಿಂದಿನ ಚಕ್ರಗಳು ಇನ್ನೊಂದು ದಾರಿ ಹಿಡಿದು ಗಾಡಿ ಹಳಿ ತಪ್ಪಬಹುದು.

ರೈಲಿನವರಿಗೆ ತಮ್ಮದೇ ಅಂಗಳವಿದೆ, ಬೇಲಿಯಿದೆ. ಅವರು ಬೆಂಕಿಯನ್ನಾದರೂ ಹಚ್ಚಿಯಾರು. ಟ್ರಾಮಿನವರು ಏನು ಮಾಡಬೇಕು? ಟ್ರಾಮ್ ಓಡುವುದು ಪೇಟೆಯ ನಡುಬೀದಿಯಲ್ಲಿ. ಅದರ ಹಳಿ ರಸ್ತೆಯ ಮಟ್ಟದಲ್ಲೇ ಹುದುಗಿರುತ್ತದೆ. ಮೇಲೆ ಕಾರು, ಸೈಕಲ್ಲು, ಮಕ್ಕಳು, ಮುದುಕರು ಎಲ್ಲರೂ ಓಡಾಡುತ್ತಾರೆ. ಅಲ್ಲಿ ಉರಿ ಹಚ್ಚುವ ಮಾತೇ ಇಲ್ಲ.

ಮದರಾಸಿನಲ್ಲಿ 1895ರಿಂದ 1953ರವರೆಗೆ ವಿದ್ಯುತ್ ಟ್ರಾಮ್ ಓಡಿತು. ಕಲ್ಕತ್ತೆಯಲ್ಲಿ ಅದು ಬಂದದ್ದು 1902ರಲ್ಲಿ. ನಮ್ಮ ಈ ಊರುಗಳಲ್ಲಿ ಹಿಮದ ಚಿಂತೆ ಇರಲಿಲ್ಲ. ಜಗತ್ತಿನ ಅತಿ ದೊಡ್ಡ ಟ್ರಾಮ್ ಜಾಲವಾದ ಆಸ್ಟ್ರೇಲಿಯದ ಮೆಲ್ಬರ್ನಿಗೂ ಇಲ್ಲ. ಚಿಂತೆಯೆಲ್ಲ ಹೆಲ್ಸಿಂಕಿ, ವಿಯೆನ್ನಾ, ಪ್ರಾಗ್, ವಾರ್ಸಾ, ಟೊರಾಂಟೊ ಮುಂತಾದ ನಗರಗಳಿಗೆ. ಇವುಗಳಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯನ್ನೇ ತೆಗೆದುಕೊಳ್ಳೋಣ. 1891ರಲ್ಲಿ ಕುದುರೆ ಎಳೆಯುವ ಟ್ರಾಮಿನಿಂದ ಶುರುವಾಗಿ 1900ರಲ್ಲಿ ವಿದ್ಯುತ್ತಿಗೆ ಬದಲಾದ ಊರು ಅದು. ಅದರ ಹಳಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರು. ಹಿಂದೆ ಬೆಂಗಳೂರು–ಮೈಸೂರು ನಡುವೆ ಓಡುತ್ತಿದ್ದ ಮೀಟರ್ ಗೇಜಿನ ಅಳತೆಯೇ! ಅಲ್ಲಿಯ ಚಳಿಗಾಲದ ಉಷ್ಣತೆ ಸೊನ್ನೆಯ ಆಚೆ ಈಚೆ ತೂಗಾಡುತ್ತಿರುತ್ತದೆ. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟುತ್ತದೆ. ಪಾಯಿಂಟಿಗೆ ಇದಕ್ಕಿಂತ ಕೆಟ್ಟ ಹವೆ ಬೇರೆ ಇಲ್ಲ.

ಬೀದಿಯಲ್ಲಿ ಹುದುಗಿದ ಹಳಿಗೆ ಒಂದು ಗಾಡಿ ಇರುತ್ತದೆ. ಗಾಡಿ ಎಂದರೆ ಇಲ್ಲಿ ಚಕ್ರದ ಅಂಚು ಇಳಿದು ಓಡುವ ಉದ್ದನೆಯ ಸೀಳು. ರಸ್ತೆಯ ಹಿಮ ತೆಗೆಯುವ ಯಂತ್ರಗಳು ತಳ್ಳಿದ ಹಿಮ, ಮರಳು, ಎಲೆ, ಕೆಸರು ಎಲ್ಲವೂ ಬಂದು ಸೇರುವುದು ಈ ಸೀಳಿಗೇ. ಟ್ರಾಮಿನ ಅಡಿಯಲ್ಲಿ ಅಂಟಿಕೊಂಡಿದ್ದ ಮಂಜುಗಡ್ಡೆಯ ಹೆಂಟೆಗಳು ಕಳಚಿ ಬೀಳುವುದೂ ಬಹಳ ಸಲ ಪಾಯಿಂಟಿನ ಮೇಲೆಯೇ, ಏಕೆಂದರೆ ಗಾಡಿ ಕುಲುಕುವುದು ಅಲ್ಲಿ. ಹೀಗೆ ಒಂದು ಪಾಯಿಂಟು ಕಚ್ಚಿಕೊಂಡಿತು ಎನ್ನಿ. ಬಸ್ಸಾದರೆ ಪಕ್ಕದಿಂದ ಬಳಸಿಕೊಂಡು ಹೋದೀತು. ಟ್ರಾಮಿಗೆ ಪಕ್ಕವೆಂಬುದೇ ಇಲ್ಲ. ಅದು ನಿಂತರೆ ಅದರ ಹಿಂದಿನದು ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ. ಅಡ್ಡರಸ್ತೆಯ ವಾಹನಗಳೂ ನಿಲ್ಲುತ್ತವೆ. ಆಗ ಚಾಲಕರು ಕೆಳಗಿಳಿದು, ಗಾಡಿಯಲ್ಲಿ ಸದಾ ಇಟ್ಟುಕೊಂಡಿರುವ ಹಾರೆಯಂಥ ಕಬ್ಬಿಣದ ಸಲಾಕೆಯಿಂದ ನಾಲಗೆಯನ್ನು ಮೀಟಬೇಕು. ಒಳಗೆ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ದಾದಿಯರು ಗಡಿಯಾರ ನೋಡುತ್ತ ಕೂತಿರುತ್ತಾರೆ.

ಹಿಂದೆ ಇದಕ್ಕೆ ಮನುಷ್ಯರೇ ಉಪಾಯ. ವಿಯೆನ್ನಾದಲ್ಲಿ ಹಳಿಯ ಸೀಳನ್ನು ಕೆರೆದು ಸ್ವಚ್ಛ ಮಾಡುವ ಕೆಲಸಗಾರರಿಗೆ ‘ರಿಟ್ಸೆನ್‌ಶೀಬರ್’ ಎಂಬ ಹೆಸರೇ ಇತ್ತು. ಕೆರೆಯುವ ಸಲಕರಣೆ, ಪೊರಕೆ, ಉಪ್ಪಿನ ಬಕೆಟ್ಟು ಇವರ ಆಸ್ತಿ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಪಾಠದಲ್ಲಿ ಓದಿದ ಸಂಗತಿಯೇ. ಉಪ್ಪು ಅಗ್ಗ, ಸುಲಭ. ಆದರೆ ಅದರ ನಿಜವಾದ ಬೆಲೆ ಅಂಗಡಿಯ ಬೆಲೆಯಲ್ಲ. ಅದು ಕಬ್ಬಿಣವನ್ನು ತಿನ್ನುತ್ತದೆ. ನಾಲಗೆ ಜಾರಲು ಹಚ್ಚಿದ ಗ್ರೀಸನ್ನು ಉಪ್ಪುನೀರು ತೊಳೆದು ಹಾಕುತ್ತದೆ. ಸಾಲದ್ದಕ್ಕೆ ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ಟ್ರಾಮಿಗೆ ಮೇಲಿನ ತಂತಿಯಿಂದ ಬಂದ ವಿದ್ಯುತ್ತು ಹಿಂದಿರುಗುವುದು ಹಳಿಯ ಮೂಲಕವೇ. ಹಳಿಯ ಸುತ್ತ ಉಪ್ಪುನೀರು ನಿಂತರೆ ಆ ವಿದ್ಯುತ್ತು ದಾರಿ ತಪ್ಪಿ ನೆಲಕ್ಕೆ ಸೋರಿ, ಹಳಿಯನ್ನೂ ನೆಲದಡಿಯ ಕಬ್ಬಿಣದ ಕೊಳವೆಗಳನ್ನೂ ಸವೆಸುತ್ತದೆ. ನೆಲದೊಳಗೆ ಆಗುವ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ.

ಆದ್ದರಿಂದ ವಿದ್ಯುತ್ ಹೀಟರು ಬಂತು. ಅದರಲ್ಲಿ ಹೊಸ ವಿದ್ಯೆಯೇನೂ ಇಲ್ಲ. ಬಕೆಟ್ಟಿನ ನೀರಿಗೆ ಇಳಿಬಿಡುವ ಕಾಯಿಲ್ ಇದೆಯಲ್ಲ, ಅದೇ ಜಾತಿ. ಲೋಹದ ಕೊಳವೆಯ ಒಳಗೆ ನೈಕ್ರೋಮ್ ತಂತಿಯ ಸುರುಳಿ. ತಂತಿ ಕೊಳವೆಗೆ ತಾಗದಂತೆ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿ. ಅದು ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಬಿಡುತ್ತದೆ. ಈ ಸರಳನ್ನು ನಾಲಗೆಯ ಪಕ್ಕದಲ್ಲಿ ಹಳಿಗೆ ಒತ್ತಿ ಬಿಗಿಯುತ್ತಾರೆ. ಅನೇಕ ನಗರಗಳಲ್ಲಿ ಇದಕ್ಕೆ ಬೇಕಾದ ವಿದ್ಯುತ್ತನ್ನು ಟ್ರಾಮಿನ ಮೇಲ್ತಂತಿಯಿಂದಲೇ ತೆಗೆದುಕೊಳ್ಳುತ್ತಾರೆ.

ಈಗ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಈ ಹೀಟರಿನ ದಕ್ಷತೆ ಎಷ್ಟು? ನೂರಕ್ಕೆ ನೂರು. ಒಳಗೆ ಹೋದ ವಿದ್ಯುತ್ ಶಕ್ತಿಯೆಲ್ಲ ಶಾಖವಾಗಿಯೇ ಹೊರಬರುತ್ತದೆ. ಜೂಲ್ ಮಹಾಶಯ 1840ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹಾಗಿದ್ದರೆ ‘ವಿದ್ಯುತ್ ಉಳಿಸುವ ಹಳಿ ಹೀಟರು’ ಎಂದು ಮಾತಾಡುವುದರಲ್ಲಿ ಅರ್ಥವಿದೆಯೇ? ಇದೆ. ಆದರೆ ಉಳಿತಾಯ ಹೀಟರಿನ ಒಳಗಿಲ್ಲ, ಹೊರಗಿದೆ. ಹುಟ್ಟಿದ ಶಾಖ ಎಲ್ಲಿಗೆ ಹೋಯಿತು, ಯಾವ ಹೊತ್ತಿನಲ್ಲಿ ಹೋಯಿತು ಎಂಬುದನ್ನು ನೋಡಬೇಕು. ಪೆನ್ಸಿಲ್ಲು ಕಾಗದ ತೆಗೆದುಕೊಳ್ಳಿ.

ಒಂದು ಪಾಯಿಂಟಿನಲ್ಲಿ ಹಿಮ ಕರಗಿಸಬೇಕಾದ ಜಾಗ ಒಂದು ಚದರ ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ ಒಂದು ಸೆಂಟಿಮೀಟರು ಹಿಮ ಬೀಳುತ್ತಿದೆ. ಹೊಸದಾಗಿ ಬಿದ್ದ ಹಿಮ ಹತ್ತಿಯಷ್ಟು ಹಗುರ. ಒಂದು ಘನ ಮೀಟರಿಗೆ ಸುಮಾರು 100 ಕಿಲೋಗ್ರಾಂ. ಅಂದರೆ ಗಂಟೆಗೆ ಬೀಳುವುದು ಒಂದು ಕಿಲೋಗ್ರಾಂ. ಗಾಳಿಯ ಉಷ್ಣತೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದೆ. ಆ ಹಿಮವನ್ನು ಸೊನ್ನೆಗೆ ತರಲು 10.5 ಕಿಲೋಜೂಲ್ ಸಾಕು. ಕರಗಿಸಲು ಬೇಕಾದ ಗುಪ್ತೋಷ್ಣ 334 ಕಿಲೋಜೂಲ್. ಕರಗಿದ ನೀರನ್ನು 3 ಡಿಗ್ರಿಗೆ ಏರಿಸಲು ಇನ್ನೊಂದು 12.6. ಒಟ್ಟು 357 ಕಿಲೋಜೂಲ್. ನಮ್ಮ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. 100 ವಾಟಿನ ಹಳೆಯ ಬಲ್ಬೊಂದು ಒಂದು ಗಂಟೆ ಉರಿದಷ್ಟು!

(ಮಂಜುಗಡ್ಡೆ ಕರಗಲು ಎಷ್ಟು ಶಾಖ ಕುಡಿಯುತ್ತದೆಂಬುದನ್ನು ಮನೆಯಲ್ಲೇ ನೋಡಬಹುದು. 100 ಗ್ರಾಂ ಕರಗುತ್ತಿರುವ ಮಂಜುಗಡ್ಡೆಗೆ 80 ಡಿಗ್ರಿಯ 100 ಗ್ರಾಂ ಬಿಸಿನೀರು ಹೊಯ್ದರೆ, ಗಡ್ಡೆ ಕರಗುವ ಹೊತ್ತಿಗೆ ಎಲ್ಲವೂ ಸೊನ್ನೆ ಡಿಗ್ರಿಯ ಹತ್ತಿರ ಬಂದು ನಿಂತಿರುತ್ತದೆ. ಬಿಸಿನೀರು ಹೊಯ್ಯುವ ಕೆಲಸ ಮಾತ್ರ ದೊಡ್ಡವರ ಕೈಯಲ್ಲಿರಲಿ.)

ಕರಗಿಸಲು ಬಲ್ಬಿನಷ್ಟು ಶಾಖ ಸಾಕು; ಹಾಕಿರುವ ಹೀಟರು ಮಾತ್ರ ಒಂದೆರಡು ಕಿಲೋವಾಟಿನದು. ಏಕೆ? ಏಕೆಂದರೆ ಹಿಮಕ್ಕಿಂತ ಮೊದಲು ಕಬ್ಬಿಣ ಬಿಸಿಯಾಗಬೇಕು. ಟ್ರಾಮಿನ ಹಳಿಯ ತೂಕ ಮೀಟರಿಗೆ ಸುಮಾರು 60 ಕಿಲೋಗ್ರಾಂ. ನಾಲ್ಕು ಮೀಟರಿನಂತೆ ಎರಡು ಬದಿ ಸೇರಿದರೆ 480 ಕಿಲೋಗ್ರಾಂ ಉಕ್ಕು. ಉಕ್ಕಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ 0.47 ಕಿಲೋಜೂಲ್. ಮೈನಸ್ 5ರಿಂದ 3ರವರೆಗೆ, ಅಂದರೆ 8 ಡಿಗ್ರಿ ಏರಿಸಲು 1,800 ಕಿಲೋಜೂಲ್, ಅರ್ಧ ಯೂನಿಟ್ ಬೇಕು. ಎರಡು ಕಿಲೋವಾಟಿನ ಹೀಟರು ಇದಕ್ಕೆ ಕಾಲು ಗಂಟೆ ತೆಗೆದುಕೊಳ್ಳುತ್ತದೆ. ನಡುವೆ ಶಾಖ ಒಂದಿಷ್ಟೂ ಸೋರದಿದ್ದರೆ ಮಾತ್ರ.

ಆದರೆ ಸೋರುತ್ತದೆ. ಹಳಿ ಹುದುಗಿರುವ ಕಾಂಕ್ರೀಟು, ಡಾಂಬರು ಶಾಖವನ್ನು ಕೆಳಕ್ಕೆ ಎಳೆಯುತ್ತವೆ. ಮೇಲಿನಿಂದ ಗಾಳಿ ಹೊತ್ತೊಯ್ಯುತ್ತದೆ. ರಾತ್ರಿ ಆಕಾಶಕ್ಕೆ ವಿಕಿರಣವಾಗಿಯೂ ಹೋಗುತ್ತದೆ. ಹಳಿಗೂ ಸುತ್ತಲಿಗೂ ಎಷ್ಟು ಡಿಗ್ರಿ ವ್ಯತ್ಯಾಸವೋ ಸೋರಿಕೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಪ್ರತಿ ಡಿಗ್ರಿಗೆ 120 ವಾಟ್ ಸೋರುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ಹೊರಗೆ ಮೈನಸ್ 5 ಇರುವಾಗ ಹಳಿಯನ್ನು 3 ಡಿಗ್ರಿಯಲ್ಲಿ ಇಡಲು ಬೇಕಾಗುವುದು 960 ವಾಟ್. ಅದೇ ಹೊತ್ತಿಗೆ ಹಿಮ ಕರಗಿಸಲು ಖರ್ಚಾಗುವುದು 100 ವಾಟ್. ಹತ್ತರಲ್ಲಿ ಒಂಬತ್ತು ಪಾಲು ನೆಲಕ್ಕೂ ಗಾಳಿಗೂ ನೈವೇದ್ಯ, ಒಂದು ಪಾಲು ಮಾತ್ರ ಕೆಲಸಕ್ಕೆ!

ಈ ಲೆಕ್ಕದಿಂದ ಎರಡು ಮಾತು ಹೊರಡುತ್ತವೆ. ‘ಇನ್ನಷ್ಟು ಬಿಸಿ ಇರಲಿ, ಒಳ್ಳೆಯದೇ’ ಎಂದು ಹಳಿಯನ್ನು 3ರ ಬದಲು 8 ಡಿಗ್ರಿಯಲ್ಲಿ ಇಟ್ಟರೆ ಸೋರಿಕೆ 960ರಿಂದ 1,560 ವಾಟಿಗೆ ಏರುತ್ತದೆ. ಹಿಮಕ್ಕೆ ಅದರಿಂದ ಲಾಭವಿಲ್ಲ. ಅದು 3 ಡಿಗ್ರಿಯಲ್ಲೂ ಕರಗುತ್ತಿತ್ತು. ಇದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯ. ಸೋರಿಕೆಯನ್ನೂ ಸೇರಿಸಿದರೆ ಹಳಿ ಕಾಯಲು ಇಪ್ಪತ್ತು ನಿಮಿಷ ದಾಟುತ್ತದೆ. ಸುತ್ತಲ ಕಾಂಕ್ರೀಟು ಕುಡಿಯುವ ಶಾಖವನ್ನು ಲೆಕ್ಕ ಹಿಡಿದರೆ ಇನ್ನೂ ತಡ. ಆದ್ದರಿಂದ ಹಿಮ ಬೀಳಲು ಶುರುವಾದ ಮೇಲೆ ಸ್ವಿಚ್ಚು ಒತ್ತಿದರೆ ಕೆಲಸ ಕೆಟ್ಟಿತು. ಮೊದಲೇ ಒತ್ತಬೇಕು. ಎಷ್ಟು ಮೊದಲು? ಇಲ್ಲಿಯೇ ಇರುವುದು ಎಲ್ಲ ತೊಡಕು.

ಮೊದಮೊದಲು ಇದನ್ನು ಮನುಷ್ಯರೇ ತೀರ್ಮಾನಿಸುತ್ತಿದ್ದರು. ಚಳಿಗಾಲ ಬಂತೆಂದರೆ ಹೀಟರು ಹಾಕು, ವಸಂತ ಬಂದಾಗ ಆರಿಸು. ನವೆಂಬರಿನಿಂದ ಮಾರ್ಚಿಯವರೆಗೆ 151 ದಿನ, 3,624 ಗಂಟೆ. ಎರಡು ಕಿಲೋವಾಟಿನಂತೆ ಒಂದು ಪಾಯಿಂಟಿಗೆ 7,248 ಯೂನಿಟ್. ತಿಂಗಳಿಗೆ 100 ಯೂನಿಟ್ ಸುಡುವ ನಮ್ಮ ಕಡೆಯ ಒಂದು ಮನೆ ಆರು ವರ್ಷ ನಡೆಯುವಷ್ಟು ವಿದ್ಯುತ್ತು!

ಅಯ್ಯೋ ಇದು ದಂಡವಾಯಿತಲ್ಲ ಎಂದು ಥರ್ಮೋಸ್ಟಾಟ್ ತಂದರು. ಗಾಳಿ 3 ಡಿಗ್ರಿಗಿಂತ ತಣ್ಣಗಾದರೆ ಹೀಟರು ತಾನೇ ಹತ್ತುತ್ತದೆ, ಬೆಚ್ಚಗಾದರೆ ಆರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲೊಂದು ದೊಡ್ಡ ಹುಳುಕಿದೆ. ಹೆಚ್ಚು ಚಳಿ ಎಂದರೆ ಹೆಚ್ಚು ಹಿಮ ಎಂದು ನಾವು, ಹಿಮವನ್ನೇ ಕಾಣದವರು, ಎಣಿಸುತ್ತೇವೆ. ನಿಜಸಂಗತಿ ಬೇರೆ. ಸೊನ್ನೆ ಡಿಗ್ರಿಯ ಒಂದು ಘನ ಮೀಟರು ಗಾಳಿ ಸುಮಾರು 5 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಮೈನಸ್ 20ರಲ್ಲಿ ಸುಮಾರು ಒಂದೇ ಗ್ರಾಂ. ಆವಿಯೇ ಇಲ್ಲದಿದ್ದರೆ ಹಿಮ ಎಲ್ಲಿಂದ ಬರಬೇಕು? ಭಾರಿ ಹಿಮ ಸುರಿಯುವುದು ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿ. ಮೈ ಕೊರೆಯುವ ಚಳಿಯ ದಿನಗಳಲ್ಲಿ ಆಕಾಶ ತಿಳಿಯಾಗಿ, ಗಾಳಿ ಒಣಗಿ, ಹಳಿ ಬರಿದಾಗಿ ಬಿದ್ದಿರುತ್ತದೆ. ಬರಿಯ ಥರ್ಮೋಸ್ಟಾಟಿಗೆ ಇದು ತಿಳಿಯದು. ಹೊರಗೆ ಚಳಿ ಏರಿದಷ್ಟೂ ಸೋರಿಕೆಯೂ ಏರುತ್ತದೆಂದು ಆಗಲೇ ನೋಡಿದೆವು. ಹೀಗೆ ಅಗತ್ಯ ಅತಿ ಕಡಿಮೆ ಇರುವ ದಿನಗಳಲ್ಲೇ ಅದು ಅತಿ ಹೆಚ್ಚು ವಿದ್ಯುತ್ತು ಸುಡುತ್ತದೆ.

ಇದರ ತದ್ವಿರುದ್ಧವೂ ಉಂಟು. ಮೋಡವಿಲ್ಲದ ರಾತ್ರಿ ಹಳಿ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ನಮ್ಮ ಕಡೆ ಮಾಗಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕೂರುವ ಬಗೆಯೇ ಇದು. ಗಾಳಿ 4 ಡಿಗ್ರಿ ಇದ್ದರೂ ಹಳಿ ಸೊನ್ನೆಗಿಂತ ಕೆಳಗೆ ಹೋಗಿ, ಅದರ ಮೇಲೆ ಇಬ್ಬನಿ ಹೆಪ್ಪುಗಟ್ಟಬಹುದು. ಗಾಳಿಯನ್ನು ಅಳೆಯುವ ಥರ್ಮೋಸ್ಟಾಟು ನಿದ್ದೆ ಮಾಡುತ್ತಿರುತ್ತದೆ.

ಹೀಗಾಗಿ ಈಚಿನ ವ್ಯವಸ್ಥೆಗಳು ಗಾಳಿಯನ್ನಲ್ಲ, ಹಳಿಯನ್ನೇ ಕೇಳುತ್ತವೆ. ಒಂದು ಸಂವೇದಕ ಹೀಟರು ಮುಟ್ಟದ ತಣ್ಣನೆಯ ಹಳಿಯ ಮೇಲೆ, ಇನ್ನೊಂದು ಬಿಸಿಯಾಗುವ ಹಳಿಯ ಮೇಲೆ ಕೂತಿರುತ್ತದೆ. ಮೂರನೆಯದು ಹಿಮವೋ ಮಳೆಯೋ ಬೀಳುತ್ತಿದೆಯೇ, ತೇವ ಇದೆಯೇ ಎಂದು ನೋಡುತ್ತದೆ. ಹಳಿ ತಣ್ಣಗಿರಬೇಕು, ಜೊತೆಗೆ ತೇವವೂ ಇರಬೇಕು. ಎರಡೂ ಕೂಡಿದರೆ ಮಾತ್ರ ಹೀಟರು ಹತ್ತುತ್ತದೆ. ಬಿಸಿ ಹಳಿ 3 ಡಿಗ್ರಿ ಮುಟ್ಟಿದಾಗ ಆರುತ್ತದೆ, ಇಳಿದಾಗ ಮತ್ತೆ ಹತ್ತುತ್ತದೆ. ಇದಕ್ಕೆ ಹವಾಮಾನ ಮುನ್ಸೂಚನೆಯನ್ನೂ ಜೋಡಿಸಿದರೆ, ಇನ್ನು ಒಂದು ಗಂಟೆಯಲ್ಲಿ ಹಿಮ ಬರುತ್ತದೆ ಎಂದಾಗ ಹಳಿಯನ್ನು ಮೊದಲೇ ಕಾಯಿಸಿ ಇಡಬಹುದು. ಹೀಟರು ಕೆಟ್ಟಿದ್ದರೆ ಅದು ಎಳೆಯುವ ವಿದ್ಯುತ್ತಿನಿಂದಲೇ ನಿಯಂತ್ರಣ ಕೊಠಡಿಗೆ ಸುದ್ದಿ ಹೋಗುತ್ತದೆ.

ಇಂಥ ವ್ಯವಸ್ಥೆಯಲ್ಲಿ ಚಳಿಗಾಲವಿಡೀ ಹೀಟರು ಪೂರ್ತಿ ಉರಿಯುವುದು 500 ಗಂಟೆ ಎಂದು ಊಹಿಸಿಕೊಳ್ಳಿ. 7,248 ಯೂನಿಟ್ ಇದ್ದದ್ದು 1,000ಕ್ಕೆ ಇಳಿಯಿತು. ಊರಿನಲ್ಲಿ 300 ಪಾಯಿಂಟುಗಳಿದ್ದರೆ 21 ಲಕ್ಷ 74 ಸಾವಿರದಿಂದ 3 ಲಕ್ಷಕ್ಕೆ. ಉಳಿದದ್ದು ಒಂದು ಸಾವಿರದ ಐನೂರಕ್ಕೂ ಹೆಚ್ಚು ಮನೆಗಳಿಗೆ, ಅದೇ ತಿಂಗಳಿಗೆ 100 ಯೂನಿಟ್ಟಿನ ಲೆಕ್ಕದಲ್ಲಿ, ಒಂದು ವರ್ಷಕ್ಕೆ ಸಾಕು. ಇವು ಕಾಗದದ ಮೇಲಿನ ಅಂಕಿಗಳು ನಿಜ. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದರೆ ಉಳಿತಾಯ ಯಾವ ದಿಕ್ಕಿನಿಂದ ಬರುತ್ತದೆಂಬುದು ಬದಲಾಗುವುದಿಲ್ಲ. ಹೀಟರು ಅದೇ, ತಂತಿ ಅದೇ. ಹೊತ್ತು ಮಾತ್ರ ಬೇರೆ.

ಇಷ್ಟು ಸರಳವಾದರೆ ಎಲ್ಲ ಊರಿನವರೂ ಮೊದಲೇ ಏಕೆ ಮಾಡಲಿಲ್ಲ? ಇಲ್ಲಿ ಭೌತಶಾಸ್ತ್ರ ಮುಗಿದು ಮನುಷ್ಯ ಸ್ವಭಾವ ಶುರುವಾಗುತ್ತದೆ. ಪಾಯಿಂಟುಗಳ ಹೊಣೆ ಹೊತ್ತ ಎಂಜಿನಿಯರನ್ನು ಸ್ವಲ್ಪ ಯೋಚಿಸಿ. ಆತ ಹೀಟರುಗಳನ್ನು ಐದು ತಿಂಗಳು ಉರಿಸಿದರೆ ಯಾರೂ ಬಂದು ಕೇಳುವುದಿಲ್ಲ. ಬಿಲ್ಲು ದೊಡ್ಡ ಬಿಲ್ಲಿನೊಳಗೆ ಸೇರಿಹೋಗುತ್ತದೆ. ಆದರೆ ಉಳಿತಾಯ ಮಾಡಹೋಗಿ ಒಂದು ಬೆಳಗ್ಗೆ ಒಂದೇ ಒಂದು ಪಾಯಿಂಟು ಕಚ್ಚಿಕೊಂಡರೆ ಊರಿಗೆ ಊರೇ ಬೈಯುತ್ತದೆ. ಹಾಳಾದ ವಿದ್ಯುತ್ತಿಗೆ ಬಾಯಿಲ್ಲ; ನಿಂತ ಟ್ರಾಮಿಗೆ ಇನ್ನೂರು ಬಾಯಿ. ಇಂಥಲ್ಲಿ ‘ಇರಲಿ, ಉರಿಯಲಿ’ ಎಂದು ಆತ ಅಂದುಕೊಂಡರೆ ತಪ್ಪು ಹೊರಿಸುವುದು ಕಷ್ಟ. ಯಂತ್ರದ ತೀರ್ಮಾನವನ್ನು ನಂಬಬೇಕಾದರೆ ಸಂವೇದಕ ಕೆಟ್ಟಾಗ ಅದು ಹೀಟರನ್ನು ಆರಿಸುವ ಬದಲು ಉರಿಸುವ ಕಡೆಗೆ ವಾಲುವಂತೆ ಮೊದಲೇ ಏರ್ಪಾಟು ಮಾಡಿರಬೇಕು. ಅಷ್ಟನ್ನು ಮಾಡಿಕೊಡದೆ ಬರಿಯ ಮಿತವ್ಯಯದ ಸುತ್ತೋಲೆ ಕಳಿಸುವ ಮೇಲಧಿಕಾರಿಗಳು ಎಲ್ಲ ದೇಶಗಳಲ್ಲೂ ಇರುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪಿನಲ್ಲಿ ಅನಿಲ, ವಿದ್ಯುತ್ತಿನ ಬೆಲೆ ಗಗನಕ್ಕೇರಿದಾಗ ಬಾಯಿಲ್ಲದ ಆ ಬಿಲ್ಲಿಗೂ ಬಾಯಿ ಬಂತು. ಟಿಕೆಟ್ಟಿನ ಹಣದಿಂದಲೋ ತೆರಿಗೆಯ ಹಣದಿಂದಲೋ ಅದನ್ನು ತೆರಬೇಕಾದವರು ಊರಿನ ಜನರೇ ತಾನೆ.

ಇನ್ನೊಂದು ವಿಷಯವನ್ನು ಹೀಟರು ಮಾರುವವರು ಮೆಲ್ಲಗೆ ಹೇಳುತ್ತಾರೆ, ಹಳಿಯ ಕೆಲಸಗಾರರು ಜೋರಾಗಿ ಹೇಳುತ್ತಾರೆ. ಅದು ಚರಂಡಿ. ಕರಗಿದ ಹಿಮ ಮಾಯವಾಗುವುದಿಲ್ಲ, ನೀರಾಗುತ್ತದೆ. ಟ್ರಾಮಿನ ಪಾಯಿಂಟಿನ ಅಡಿಯಲ್ಲಿ, ನಾಲಗೆಯನ್ನು ಸರಿಸುವ ಯಂತ್ರವಿರುವ ಪೆಟ್ಟಿಗೆಯಿಂದ ಬೀದಿಯ ಚರಂಡಿಗೆ ಒಂದು ಕೊಳವೆ ಹೋಗಿರುತ್ತದೆ. ಶರತ್ಕಾಲದಲ್ಲಿ ಉದುರಿದ ಎಲೆ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಜಲ್ಲಿಪುಡಿ ಅದರಲ್ಲಿ ಕೂತು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಹೀಟರು ಆರಿದ ಕೂಡಲೆ ಹೆಪ್ಪುಗಟ್ಟುತ್ತದೆ. ಸಡಿಲ ಹಿಮವಿದ್ದ ಜಾಗದಲ್ಲಿ ಈಗ ಗಟ್ಟಿ ಗಡ್ಡೆ! ಹೀಟರೇ ಇಲ್ಲದಿದ್ದರೆ ಪೊರಕೆಯಲ್ಲಿ ಹೋಗುತ್ತಿದ್ದದ್ದು ಈಗ ಹಾರೆಗೂ ಬಗ್ಗದು. ಆದ್ದರಿಂದ ಹಿಮ ಬೀಳುವ ಮುನ್ನವೇ ಒಬ್ಬರು ಹೋಗಿ ಪ್ರತಿ ಪೆಟ್ಟಿಗೆಯ ಮುಚ್ಚಳ ತೆಗೆದು, ಕೆಸರು ಬಾಚಿ, ಒಂದು ಕೊಡ ನೀರು ಹೊಯ್ದು ಇಳಿಯುತ್ತದೆಯೇ ಎಂದು ನೋಡಲೇಬೇಕು. ಸಂವೇದಕಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಈ ಕೊಡ ನೀರಿಗೆ ಕೊಟ್ಟರೂ ನಷ್ಟವಿಲ್ಲ.

ಬೇರೆ ದಾರಿಗಳನ್ನೂ ಹುಡುಕುತ್ತಿದ್ದಾರೆ. ಮಧ್ಯ ಯುರೋಪಿನಲ್ಲಿ ಹತ್ತು ಮೀಟರು ಆಳಕ್ಕೆ ಹೋದರೆ ನೆಲದ ಉಷ್ಣತೆ ವರ್ಷವಿಡೀ ಸುಮಾರು 10 ಡಿಗ್ರಿ ಇರುತ್ತದೆ. ನಮಗೆ ಬೇಕಾದದ್ದು 3 ಡಿಗ್ರಿ ಅಷ್ಟೆ! ಆ ಶಾಖವನ್ನು ಕೊಳವೆಗಳಲ್ಲಿ ಮೇಲಕ್ಕೆ ತಂದು ಪಾಯಿಂಟನ್ನು ಬೆಚ್ಚಗಿಡುವ ಪ್ರಯೋಗಗಳು ಜರ್ಮನಿಯ ರೈಲುಮಾರ್ಗಗಳಲ್ಲಿ ನಡೆದಿವೆ. ಆದರೆ ಪೇಟೆಯ ನಡುಬೀದಿಯಲ್ಲಿ, ಕುಡಿಯುವ ನೀರು, ಅನಿಲ, ದೂರವಾಣಿಯ ಕೊಳವೆಗಳ ನಡುವೆ ಆಳದ ಕೊಳವೆ ಇಳಿಸುವುದು ಹುಡುಗಾಟವಲ್ಲ. ಹೊಸ ಟ್ರಾಮುಗಳು ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ಮೇಲ್ತಂತಿಗೆ ಮರಳಿಸುತ್ತವೆ. ಅದನ್ನು ಬಳಸುವವರು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಅದು ಗಾಡಿಯ ಮೇಲಿನ ರೋಧಕಗಳಲ್ಲಿ ಸುಮ್ಮನೆ ಶಾಖವಾಗಿ ಹೋಗುತ್ತದೆ. ಅದೇ ತಂತಿಗೆ ಜೋಡಿಸಿದ ಹಳಿ ಹೀಟರು ಆಗ ಉರಿಯುತ್ತಿದ್ದರೆ ಒಂದಿಷ್ಟನ್ನು ಅದು ತೆಗೆದುಕೊಳ್ಳುತ್ತದೆ. ಇವೆರಡಕ್ಕಿಂತ ಅಗ್ಗದ ಉಪಾಯವೆಂದರೆ ಹೀಟರಿನ ಬೆನ್ನಿಗೆ ಶಾಖನಿರೋಧಕದ ಪಟ್ಟಿ ಹೊದಿಸುವುದು. ಚಪ್ಪರದ ಕೆಲಸ ಮಾಡುವ ಮೊದಲು ಸೋರುವ ಹಂಡೆಗೆ ಮೇಣ ಮೆತ್ತಿದ ಹಾಗೆ.

ಜಪಾನಿನ ಸಪ್ಪೊರೊ ಎಂಬ ಊರಿನವರದು ಇನ್ನೊಂದು ಬಗೆ. ಅಲ್ಲಿ ಬೀಳುವ ಹಿಮ ವಿಪರೀತ. 1925ರಿಂದ ಅವರ ಬಳಿ ಹಿಮ ಗುಡಿಸುವ ಟ್ರಾಮ್ ಇದೆ. ಅದರ ಮುಂದೆ ಉರುಳೆ. ಉರುಳೆಯ ತುಂಬ ಸೀಳಿದ ಬಿದಿರಿನ ಪೊರಕೆಗಳು. ಉರುಳೆ ತಿರುಗುತ್ತ ಹೋದಂತೆ ಹಿಮವೆಲ್ಲ ಪಕ್ಕಕ್ಕೆ ಚಿಮ್ಮುತ್ತದೆ. ಹಿಮವನ್ನು ಕರಗಿಸದೆ ಬರಿದೆ ತಳ್ಳಿಬಿಟ್ಟರೆ 334 ಕಿಲೋಜೂಲಿನ ಗುಪ್ತೋಷ್ಣವನ್ನು ತೆರುವ ಪ್ರಮೇಯವೇ ಬರುವುದಿಲ್ಲ ನೋಡಿ. ನೇರ ಹಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪೊರಕೆಯ ಕಡ್ಡಿ ನಾಲಗೆಯ ಸಂದಿನ ಆಳಕ್ಕೆ ಇಳಿಯಲಾರದು, ಶಾಖ ಇಳಿಯುತ್ತದೆ.

ಕೊನೆಗೆ ಒಂದು ಲೆಕ್ಕ, ಹೈಸ್ಕೂಲಿನ ಮಕ್ಕಳಿಗೆ. ಮೇಲೆ ಹೇಳಿದ ಅದೇ ಪಾಯಿಂಟು: ಎರಡು ಕಿಲೋವಾಟಿನ ಹೀಟರು, ಪ್ರತಿ ಡಿಗ್ರಿಗೆ 120 ವಾಟ್ ಸೋರಿಕೆ. ಹೊರಗೆ ಮೈನಸ್ 15 ಡಿಗ್ರಿ. ಹೀಟರು ಇಡೀ ರಾತ್ರಿ ಉರಿದರೂ ಹಳಿ ಎಷ್ಟು ಡಿಗ್ರಿಗಿಂತ ಮೇಲೇರಲಾರದು? ಅದೇ ಹೊತ್ತಿಗೆ ಗಾಳಿ ಎಲ್ಲಿಂದಲೋ ಹಿಮವನ್ನು ತೂರಿಕೊಂಡು ಬಂದು, ಅದನ್ನು ಕರಗಿಸಲು 300 ವಾಟ್ ಬೇಕಾದರೆ ಏನಾಗುತ್ತದೆ? ತಂದೆತಾಯಂದಿರೂ ಪ್ರಯತ್ನಿಸಬಹುದು. ಉತ್ತರ ಮುಂದಿನ ವಾರ.